ಪೋರ್ಟಲ್ ಕೆಟ್ಟಿದೆ ಎಂದರೆ ಸಾಲದು

2025ರ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ದೇಶದ ಅಸಂಖ್ಯ ಮಸೀದಿ, ದರ್ಗಾ ಹಾಗೂ ಖಬರಸ್ತಾನ್ ಸಮಿತಿಗಳ ಹೊಣೆಗಾರರು ಕಂಪ್ಯೂಟರಿನ ಮುಂದೆ ಆತಂಕದಿಂದ ಕುಳಿತಿದ್ದರು. ವಕ್ಫ್ ತಿದ್ದುಪಡಿ ಕಾಯ್ದೆಯು ಆ ವರ್ಷದ ಎಪ್ರಿಲ್ 8ರಂದು ಜಾರಿಗೆ ಬಂದಿತ್ತು. ವಕ್ಫ್ ಆಸ್ತಿಗಳ ವಿವರಗಳನ್ನು ಸಲ್ಲಿಸಬೇಕಾಗಿದ್ದ ‘ಉಮೀದ್’ ಪೋರ್ಟಲ್ ತೆರೆದುಕೊಂಡದ್ದು ಜೂನ್ 6ರಂದು. ಆರು ತಿಂಗಳ ಗಡುವು ಡಿಸೆಂಬರ್ 6ಕ್ಕೆ ಮುಗಿಯುವುದಿತ್ತು. ಉಮೀದ್ ಎಂದರೆ ಭರವಸೆ. ಆದರೆ ಕೊನೆಯ ದಿನಗಳಲ್ಲಿ ಎಲ್ಲೆಡೆಯಿಂದ ಕೇಳಿಬಂದದ್ದು ಹತಾಶೆಯ ಮಾತುಗಳೇ. ಪೋರ್ಟಲ್ ನಿಧಾನವಾಗಿದೆ, ಮಧ್ಯದಲ್ಲೇ ನಿಂತುಹೋಗುತ್ತಿದೆ, ದಾಖಲೆಗಳು ಅಪ್‌ಲೋಡ್ ಆಗುತ್ತಿಲ್ಲ!

ಡಿಸೆಂಬರ್ 1ರಂದು ಸುಪ್ರೀಂ ಕೋರ್ಟು ಗಡುವನ್ನು ಸಾರಾಸಗಟಾಗಿ ವಿಸ್ತರಿಸಲು ನಿರಾಕರಿಸಿತು. ತೊಂದರೆಗೊಳಗಾದವರು ಕಾಯ್ದೆಯಲ್ಲಿಯೇ ಇರುವ ಅವಕಾಶದಂತೆ ವಕ್ಫ್ ನ್ಯಾಯಮಂಡಳಿಯ ಮೊರೆಹೋಗಬಹುದೆಂದು ತಿಳಿಸಿತು. ಗಡುವು ಮುಗಿದ ಬಳಿಕ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವು ನೀಡಿದ ಲೆಕ್ಕದ ಪ್ರಕಾರ ಪೋರ್ಟಲ್‌ನಲ್ಲಿ ಒಟ್ಟು 5,17,040 ಆಸ್ತಿಗಳ ನೋಂದಣಿ ಕಾರ್ಯ ಆರಂಭವಾಗಿತ್ತು. ಅವುಗಳಲ್ಲಿ ಅನುಮೋದನೆ ಪಡೆದವು 2,16,905. ಸಲ್ಲಿಕೆಯಾಗಿ ಪರಿಶೀಲನೆಗೆ ಕಾದಿದ್ದವು 2,13,941. ತಿರಸ್ಕೃತವಾದವು 10,869. ಈ ಮೂರನ್ನೂ ಕೂಡಿಸಿ ಕಳೆದರೆ ಸುಮಾರು 75 ಸಾವಿರ ಆಸ್ತಿಗಳ ಅರ್ಜಿಗಳು ನಡುದಾರಿಯಲ್ಲಿ ಉಳಿದುಬಿಟ್ಟಂತಾಯಿತು. ಈ 75 ಸಾವಿರದಲ್ಲಿ ದಾಖಲೆ ಇಲ್ಲದೆ ನಿಂತವೆಷ್ಟು, ಮುತವಲ್ಲಿಯ ಆಲಸ್ಯದಿಂದ ನಿಂತವೆಷ್ಟು, ಪೋರ್ಟಲ್‌ನ ದೋಷದಿಂದ ನಿಂತವೆಷ್ಟು ಎಂಬುದು ಈ ಅಂಕಿಅಂಶಗಳಲ್ಲಿ ಕಾಣಿಸುವುದಿಲ್ಲ. ಅದನ್ನು ಕಾಣಿಸಬಲ್ಲವರು ಆ ಪರದೆಯ ಮುಂದೆ ಕುಳಿತಿದ್ದವರು ಮಾತ್ರ.

ಕಾನೂನು ಜಾರಿಯಾಗಿ ಎರಡು ತಿಂಗಳ ನಂತರ ಪೋರ್ಟಲ್ ತೆರೆಯುವುದು, ಶತಮಾನಗಳ ಹಿಂದಿನ ಆಸ್ತಿಗಳ ದಾಖಲೆಗಳನ್ನು ಆರು ತಿಂಗಳೊಳಗೆ ಏರಿಸಬೇಕೆನ್ನುವುದು, ತಪ್ಪಿದರೆ ದಂಡನೆಯ ಬೆದರಿಕೆಯೊಡ್ಡುವುದು, ಕೊನೆಗೆ ಮೂರು ತಿಂಗಳು ದಂಡ ವಿಧಿಸುವುದಿಲ್ಲವೆಂದು ಸಚಿವರೇ ಹೇಳಬೇಕಾಗಿ ಬರುವುದು - ಇವೆಲ್ಲವೂ ಸರಕಾರದ ಕಾರ್ಯವೈಖರಿಯ ಬಗ್ಗೆ ಬಹಳಷ್ಟನ್ನು ಹೇಳುತ್ತವೆ. ಆ ಕುರಿತು ಬರೆಯಬೇಕಾದುದು ಸಾಕಷ್ಟಿದೆ. ಆದರೆ ಇಂದು ನಾವು ಚರ್ಚಿಸಬೇಕೆಂದಿರುವುದು ನಮ್ಮ ಕಡೆಯ ವಿಷಯವನ್ನು. ಗಡುವು ಮೀರಿದವರು ನ್ಯಾಯಮಂಡಳಿಯ ಮುಂದೆ ನಿಂತು ‘ಸಕಾರಣ’ವನ್ನು ತೋರಿಸಬೇಕು. ಕೈಯಲ್ಲಿ ಏನನ್ನು ಹಿಡಿದುಕೊಂಡು ಅಲ್ಲಿಗೆ ಹೋಗಬೇಕು? ‘ಪೋರ್ಟಲ್ ಕೆಲಸ ಮಾಡ್ತಾ ಇಲ್ಲ, ದುಆ ಮಾಡಿ’ ಎಂದು ವಾಟ್ಸಾಪ್ ಬಳಗದಲ್ಲಿ ಹರಿದಾಡಿದ ಧ್ವನಿ ಸಂದೇಶವನ್ನೇ?

ಯಂತ್ರವು ತಪ್ಪಿದಾಗ ಅದನ್ನು ತಿಳಿಸುವ ವಿಧಾನವೊಂದಿದೆ. ಅದನ್ನು ಕಲಿಯಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಆದರೆ ಅದು ತಿಳಿಯದಿದ್ದರೆ ಎಂತಹ ಬೆಲೆ ತೆರಬೇಕಾದೀತು ಎಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣವು ಸಾಕ್ಷಿಯಾಗಿದೆ.

1999ರಿಂದ ಬ್ರಿಟನ್ನಿನ ಅಂಚೆ ಶಾಖೆಗಳಲ್ಲಿ ‘ಹೊರೈಝನ್’ ಎಂಬ ಲೆಕ್ಕಪತ್ರದ ಸಾಫ್ಟ್‌ವೇರನ್ನು ಅಳವಡಿಸಲಾಯಿತು. ಫುಜಿತ್ಸು ಸಂಸ್ಥೆಯದ್ದು. ದಿನದ ಕೊನೆಯಲ್ಲಿ ಪೆಟ್ಟಿಗೆಯಲ್ಲಿರುವ ಹಣಕ್ಕೂ ಪರದೆಯ ಮೇಲಿನ ಮೊತ್ತಕ್ಕೂ ತಾಳೆಯಾಗುತ್ತಿರಲಿಲ್ಲ. ಒಪ್ಪಂದದ ಹೆಸರಿನಲ್ಲಿ ಆ ಕೊರತೆಯನ್ನು ಶಾಖೆಯ ಸಬ್ ಪೋಸ್ಟ್‌ಮಾಸ್ಟರರೇ ತುಂಬಿಕೊಡಬೇಕೆಂದು ಒತ್ತಾಯಿಸಲಾಯಿತು. ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಸಾಬೀತುಪಡಿಸಬೇಕಾದ ಹೊಣೆಯನ್ನು 1999ರ ಒಂದು ಶಾಸನವು ತೆಗೆದುಹಾಕಿತ್ತು. ಹೀಗಾಗಿ ನ್ಯಾಯಾಲಯಗಳಲ್ಲಿ ಯಂತ್ರವು ಸತ್ಯವಂತ, ಮನುಷ್ಯನು ಕಳ್ಳ ಎಂದಾಯಿತು. 2015ರವರೆಗೆ 900ಕ್ಕೂ ಹೆಚ್ಚು ಮಂದಿ ಶಿಕ್ಷೆಗೊಳಗಾದರು. ಅವರಲ್ಲಿ ಭಾರತ ಉಪಖಂಡದ ಮೂಲದವರೂ ಅನೇಕರಿದ್ದರು. ಗರ್ಭಿಣಿಯೊಬ್ಬರು ಸೆರೆಮನೆ ಸೇರಿದರು. ಮನೆಮಾರು ಕಳೆದುಕೊಂಡವರು, ಆತ್ಮಹತ್ಯೆ ಮಾಡಿಕೊಂಡವರು ಇದ್ದಾರೆ. ಇವರಲ್ಲಿ ಹೆಚ್ಚಿನವರು ಸಹಾಯವಾಣಿಗೆ ಕರೆ ಮಾಡದೆ ಇರಲಿಲ್ಲ. ಮಾಡಿದಾಗ ಅನೇಕರಿಗೆ ಸಿಕ್ಕಿದ ಉತ್ತರ ಒಂದೇ: ಇಂತಹ ಸಮಸ್ಯೆ ಇರುವುದು ನಿಮಗೊಬ್ಬರಿಗೆ ಮಾತ್ರ.

ವೇಲ್ಸ್‌ನ ಕಡಲತೀರದ ಪಟ್ಟಣವಾದ ಲಾಂಡುಡ್ನೊದಲ್ಲಿ ಅಂಚೆ ಶಾಖೆ ನಡೆಸುತ್ತಿದ್ದ ಅಲನ್ ಬೇಟ್ಸ್ ಎಂಬವರು ಈ ಉತ್ತರವನ್ನು ಒಪ್ಪಲಿಲ್ಲ. ಯಾವ ಲೆಕ್ಕದ ಕೊರತೆ ಎಂದು ತೋರಿಸದ ಹೊರತು ಹಣ ತುಂಬುವುದಿಲ್ಲವೆಂದು ಬರವಣಿಗೆಯಲ್ಲಿಯೇ ತಿಳಿಸಿದರು. 2003ರಲ್ಲಿ ಅವರ ಒಪ್ಪಂದವನ್ನು ರದ್ದುಪಡಿಸಲಾಯಿತು. ಆದರೆ ಮುಂದೆ ವಿಚಾರಣೆಯ ಸಂದರ್ಭದಲ್ಲಿ ತಮ್ಮ ಶಾಖೆಯಿಂದ ಸಹಾಯವಾಣಿಗೆ ಐದುನೂರಕ್ಕೂ ಹೆಚ್ಚು ಕರೆಗಳು ಹೋಗಿದ್ದವು, ಅವುಗಳಲ್ಲಿ 85 ಹೊರೈಝನ್‌ಗೆ ಮತ್ತು ಲೆಕ್ಕದ ತಾಳೆಗೆ ಸಂಬಂಧಿಸಿದ್ದವು ಎಂದು ಹೇಳಲು ಅವರಿಗೆ ಸಾಧ್ಯವಾಯಿತು. ಎಷ್ಟೋ ಕರೆ ಮಾಡಿದೆ, ಯಾರೂ ಕೇಳಲಿಲ್ಲ ಎಂಬ ಮಾತಿಗೂ, 85 ಎಂಬ ಸಂಖ್ಯೆಗೂ ಇರುವ ಅಂತರವನ್ನು ಓದುಗರು ಗಮನಿಸಬೇಕು. 2009ರಲ್ಲಿ ಅವರು ಸಂತ್ರಸ್ತರನ್ನು ಒಗ್ಗೂಡಿಸಿದರು. 555 ಮಂದಿ ಒಟ್ಟಾಗಿ ಹೂಡಿದ ದಾವೆಯಲ್ಲಿ 2019ರ ಡಿಸೆಂಬರಿನಲ್ಲಿ ಸಾಫ್ಟ್‌ವೇರಿನಲ್ಲಿ ದೋಷಗಳಿದ್ದುದು ನಿಜವೆಂದು ತೀರ್ಪು ಬಂತು. 2024ರಲ್ಲಿ ಸಂಸತ್ತು ಶಾಸನ ಮಾಡಿ ನೂರಾರು ಶಿಕ್ಷೆಗಳನ್ನು ಒಮ್ಮೆಲೇ ರದ್ದುಪಡಿಸಿತು. ತಡವಾಗಿ, ಬಹಳ ತಡವಾಗಿ.

ಇದೇ ಪ್ರಕರಣದಲ್ಲಿ ಇನ್ನೊಂದು ಸಣ್ಣ ಘಟನೆಯಿದೆ. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್‌ಮೆಲ್ಲಿಂಗ್‌ಟನ್ ಎಂಬಲ್ಲಿ 8 ಸಾವಿರ ಪೌಂಡ್ ಹಣವನ್ನು ಲೆಕ್ಕಕ್ಕೆ ಸೇರಿಸುವಾಗ ಪರದೆಯು ಸ್ತಬ್ಧವಾಯಿತು. ಎಂಟರ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಲಾಯಿತು. ಯಂತ್ರವು ಅದೇ ಹಣವನ್ನು ನಾಲ್ಕು ಬಾರಿ ಬರೆದುಕೊಂಡು 24 ಸಾವಿರ ಪೌಂಡಿನ ‘ಕೊರತೆ’ಯನ್ನು ಸೃಷ್ಟಿಸಿತು. ಯಾವ ಗುಂಡಿ, ಯಾವ ಹಂತ, ಎಷ್ಟು ಮೊತ್ತ ಎಂಬುದು ಸ್ಪಷ್ಟವಾಗಿದ್ದುದರಿಂದ ದೋಷದ ಮೂಲವನ್ನು ಹುಡುಕಲು ಸಾಧ್ಯವಾಯಿತು. ಹುಡುಕಿದಾಗ ಅದೇ ದೋಷವು ವರ್ಷಗಳಿಂದ ಬೇರೆ ಅನೇಕ ಶಾಖೆಗಳಲ್ಲೂ ಕಾಣಿಸಿಕೊಂಡಿತ್ತೆಂಬುದು ಬೆಳಕಿಗೆ ಬಂತು. ನಿಮಗೊಬ್ಬರಿಗೆ ಮಾತ್ರ ಎಂಬುದು ಎಂತಹ ಸುಳ್ಳು!

ಮದ್ರಸದ ಅಂಗಳದಲ್ಲಿ ಹದೀಸ್ ಶಾಸ್ತ್ರವನ್ನು ಕಲಿತವರಿಗೆ ಈ ವಿಷಯ ಹೊಸತೇನಲ್ಲ. ಒಂದು ವರದಿಯು ಬಂದಾಗ ನಮ್ಮ ಹಿರಿಯ ವಿದ್ವಾಂಸರು ಮೊದಲು ಕೇಳುತ್ತಿದ್ದುದು, ಯಾರಿಂದ ಕೇಳಿದೆ, ಎಲ್ಲಿ ಕೇಳಿದೆ, ನೀನೇ ಕೇಳಿದೆಯೋ ಅಥವಾ ಇನ್ನೊಬ್ಬರು ಹೇಳಿದ್ದೋ ಎಂದಾಗಿತ್ತು. ವರದಿಗಾರನು ಸಜ್ಜನನಾಗಿದ್ದರೆ ಸಾಲದು, ಅವನ ನೆನಪು ಮತ್ತು ಬರಹ ನಿಖರವಾಗಿರಬೇಕು. ಇದನ್ನು ಅವರು ‘ಝಬ್ತ್’ ಎಂದು ಕರೆದರು. ಅದಕ್ಕಿಂತಲೂ ಸೂಕ್ಷ್ಮವಾದುದು ‘ಮುದ್ರಜ್’ ಎಂಬ ವರ್ಗ. ವರದಿಗಾರನು ತನ್ನ ಸ್ವಂತ ವಿವರಣೆಯನ್ನು ಮೂಲ ಮಾತಿನೊಳಗೆ ಬೆರೆಸಿಬಿಟ್ಟರೆ, ಅವನ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ವಿದ್ವಾಂಸರು ಆ ಭಾಗವನ್ನು ಹೆಕ್ಕಿ ತೆಗೆದು ಬೇರ್ಪಡಿಸುತ್ತಿದ್ದರು. ಖತೀಬ್ ಬಗ್ದಾದಿಯವರು ಇದೊಂದು ವಿಷಯಕ್ಕಾಗಿಯೇ ಗ್ರಂಥ ರಚಿಸಿದ್ದಾರೆ. ಸಾಲದ ವ್ಯವಹಾರವನ್ನು, ಅದು ಚಿಕ್ಕದಿರಲಿ ದೊಡ್ಡದಿರಲಿ, ಅವಧಿ ಸಹಿತ ಬರೆದಿಡಬೇಕೆಂದು ಆದೇಶಿಸುವ ಅಲ್‌ಬಕರ ಅಧ್ಯಾಯದ 282ನೇ ಸೂಕ್ತವು ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಾಗಿದೆ. ಬರೆದಿಡುವುದಕ್ಕೆ ಇಷ್ಟೊಂದು ಮಹತ್ವ ನೀಡಿದ ಸಮುದಾಯವೊಂದು ಇಂದು ಧ್ವನಿ ಸಂದೇಶಗಳಲ್ಲಿ ಗೋಳಾಡುತ್ತಿರುವುದು ವಿಪರ್ಯಾಸವಲ್ಲವೇ?

ನಮ್ಮವರ ದೂರುಗಳಲ್ಲಿ ‘ಮುದ್ರಜ್’ ಅತಿಯಾಗಿದೆ. ‘ಸರ್ವರ್ ಡೌನ್ ಆಗಿದೆ’ ಎನ್ನುವುದು ಒಂದು ಊಹೆ. ‘ಬೇಕೆಂದೇ ನಿಲ್ಲಿಸಿದ್ದಾರೆ’ ಎನ್ನುವುದು ಇನ್ನೊಂದು ಊಹೆ. ಕಣ್ಣಾರೆ ಕಂಡದ್ದೇನು? ಗುಂಡಿ ಒತ್ತಿದ ಮೇಲೆ ಪರದೆ ಬಿಳಿಯಾಯಿತೇ, ಚಕ್ರ ತಿರುಗುತ್ತಲೇ ಇತ್ತೇ, ಕೆಂಪು ಅಕ್ಷರಗಳಲ್ಲಿ ಏನಾದರೂ ಬಂತೇ, ಅಥವಾ ಮೊದಲ ಪುಟಕ್ಕೆ ಮರಳಿತೇ? ಇವು ನಾಲ್ಕು ಬೇರೆ ಬೇರೆ ರೋಗಗಳ ಲಕ್ಷಣಗಳು. ವೈದ್ಯರ ಬಳಿ ಹೋಗಿ ‘ಆರೋಗ್ಯ ಕೆಟ್ಟಿದೆ’ ಎಂದಷ್ಟೇ ಹೇಳಿ ಮದ್ದು ಕೇಳುವವರುಂಟೇ? ಎಲ್ಲಿ ನೋವು, ಎಂದಿನಿಂದ, ಉಂಡ ಮೇಲೋ ಉಣ್ಣುವ ಮೊದಲೋ ಎಂದು ಹೇಳುತ್ತೇವೆ. ಊಹೆಯನ್ನು ಹೇಳಲೇಬಾರದೆಂದಿಲ್ಲ. ಹೇಳುವುದಾದರೆ ಕೊನೆಯಲ್ಲಿ, ಇದು ನನ್ನ ಊಹೆ ಎಂದು ಪ್ರತ್ಯೇಕವಾಗಿ ಹೇಳಬೇಕು.

ಒಂದು ಉದಾಹರಣೆ ನೋಡೋಣ. ಮಗಳ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಹೋದ ತಂದೆಯೊಬ್ಬರು ‘ನಿಮ್ಮ ಪೋರ್ಟಲ್ ಸರಿ ಇಲ್ಲ, ಬಡವರಿಗೆ ಅನ್ಯಾಯವಾಗುತ್ತಿದೆ, ಕೂಡಲೇ ಸರಿಪಡಿಸಿ’ ಎಂದು ಬರೆಯುತ್ತಾರೆ ಎಂದಿಟ್ಟುಕೊಳ್ಳಿ. ಅದನ್ನು ಓದುವ ನೌಕರನಿಗೆ ಸಹಾನುಭೂತಿ ಇದ್ದರೂ ಮಾಡಬಹುದಾದುದೇನೂ ಇಲ್ಲ. ಅದರ ಬದಲು ಹೀಗೆ ಬರೆದರೆ: ‘ಇಂದು ಬೆಳಗ್ಗೆ 11.20ಕ್ಕೆ ನನ್ನ ಮೊಬೈಲಿನ ಕ್ರೋಮ್ ಬ್ರೌಸರಿನಲ್ಲಿ ಲಾಗಿನ್ ಆದೆ. ಮೂರನೇ ಪುಟದವರೆಗೆ ಎಲ್ಲವೂ ಸರಿಯಿತ್ತು. ಆದಾಯ ಪ್ರಮಾಣಪತ್ರದ ಪಿಡಿಎಫ್ ಆಯ್ದುಕೊಂಡು ಅಪ್‌ಲೋಡ್ ಒತ್ತಿದೆ. ಪತ್ರದ ಗಾತ್ರ 180 ಕೆಬಿ, ಮಿತಿ 200 ಕೆಬಿ. ಅಪ್‌ಲೋಡ್ ಆಗಬೇಕಿತ್ತು, ಆದರೆ ಇನ್‌ವ್ಯಾಲಿಡ್ ಫೈಲ್ ಎಂದು ಬಂತು. ಮೂರು ಸಲ ಪ್ರಯತ್ನಿಸಿದಾಗಲೂ ಹೀಗೇ ಆಯಿತು. ಪಕ್ಕದ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲೂ ಹೀಗೇ ಆಯಿತು. ಅದೇ ಪತ್ರದ ಕನ್ನಡ ಹೆಸರನ್ನು ತೆಗೆದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟಾಗ ಮಾತ್ರ ಅಪ್‌ಲೋಡ್ ಆಯಿತು. ಪರದೆಯ ಚಿತ್ರವನ್ನು ಲಗತ್ತಿಸಿದ್ದೇನೆ.’ ಈ ಪತ್ರವನ್ನು ಓದಿದ ತಂತ್ರಜ್ಞನು ಐದು ನಿಮಿಷಗಳಲ್ಲಿ ತನ್ನ ಮೇಜಿನ ಮೇಲೆಯೇ ಅದೇ ದೋಷವನ್ನು ಕಂಡುಕೊಳ್ಳಬಲ್ಲನು. ತಾನು ಕಾಣಲಾಗದ ದೋಷವನ್ನು ಯಾರೂ ಸರಿಪಡಿಸಲಾರರು. ಕನ್ನಡ ಅಕ್ಷರಗಳಿಗೆ ಇಷ್ಟೊಂದು ಮಹಿಮೆ ಇದೆಯೇ ಎಂದು ಕೇಳುವವರಿಗೆ ನೆನಪಿಸಬೇಕಾದುದೇನೆಂದರೆ, 2018ರ ಫೆಬ್ರವರಿಯಲ್ಲಿ ನಮ್ಮ ನೆರೆಯ ತೆಲುಗಿನ ಒಂದೇ ಒಂದು ಸಂಯುಕ್ತಾಕ್ಷರವು ಜಗತ್ತಿನ ಐಫೋನುಗಳಲ್ಲಿ ಸಂದೇಶದ ಆ್ಯಪನ್ನೇ ಕುಸಿಯುವಂತೆ ಮಾಡಿತ್ತು!

ದೋಷ ಸಂದೇಶವು ಇಂಗ್ಲಿಷಿನಲ್ಲಿದೆ, ಅರ್ಥವಾಗಲಿಲ್ಲ ಎಂದು ಅದನ್ನು ಮುಚ್ಚಿಬಿಡುವವರೇ ಹೆಚ್ಚು. ಅರ್ಥವಾಗಬೇಕೆಂದಿಲ್ಲ, ಅದಿರುವ ಹಾಗೆಯೇ ಬರೆದುಕೊಂಡರೆ ಸಾಕು. ಅದರ ಕೊನೆಯಲ್ಲಿರುವ ಅಂಕಿಗಳನ್ನೂ ಬಿಡಬಾರದು. ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲಿರುವ ಗಂಟೆ ಮತ್ತು ವಿಳಾಸದ ಸಾಲು ಕತ್ತರಿಸಿಹೋಗದಂತೆ ನೋಡಿಕೊಳ್ಳಬೇಕು. ಆದರೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಮುಂತಾದವು ಕಾಣಿಸುತ್ತಿದ್ದರೆ ಕಳುಹಿಸುವ ಮೊದಲು ಮರೆಮಾಡಬೇಕು. ಒಟಿಪಿ ಮತ್ತು ಪಾಸ್‌ವರ್ಡ್ ಯಾರಿಗೂ ಬೇಡ, ಸಹಾಯವಾಣಿಯವರಿಗೂ ಬೇಡ.

ಹೆಸರಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಆಧಾರ್‌ನಲ್ಲಿ ಮೊಹಮ್ಮದ್, ಪಡಿತರ ಚೀಟಿಯಲ್ಲಿ ಮಹಮ್ಮದ್, ಶಾಲಾ ದಾಖಲೆಯಲ್ಲಿ ಬರೇ ‘ಎಂ.ಡಿ.’ ಎಂದಿರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಅರ್ಜಿ ತಿರಸ್ಕೃತವಾದೊಡನೆ ನಮ್ಮ ಹೆಸರನ್ನು ನೋಡಿಯೇ ತಿರಸ್ಕರಿಸಿದರು ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಈ ದೇಶದಲ್ಲಿ ಹೆಸರಿನ ಕಾರಣಕ್ಕೆ ತಾರತಮ್ಯ ನಡೆಯುವುದೇ ಇಲ್ಲವೆಂದು ನಾವು ಹೇಳಲಾರೆವು. ಆದ್ದರಿಂದಲೇ ಈ ಆರೋಪವನ್ನು ಅಗ್ಗವಾಗಿಸಬಾರದು. ಎರಡು ದಾಖಲೆಗಳಲ್ಲಿ ಅಕ್ಷರಗಳು ಹೊಂದದಿದ್ದರೆ ಅದು ದಾಖಲೆಯ ಸಮಸ್ಯೆ, ಅದಕ್ಕೆ ತಿದ್ದುಪಡಿಯ ದಾರಿಯಿದೆ. ಒಂದೇ ಪದದ ಹೆಸರನ್ನು ಸ್ವೀಕರಿಸದೆ ಅಡ್ಡಹೆಸರು ಬೇಕೇ ಬೇಕೆಂದು ಯಂತ್ರವು ಹಠ ಹಿಡಿದರೆ ಅದು ಸಾಫ್ಟ್‌ವೇರಿನ ದೋಷ, ಅದನ್ನು ದೋಷವೆಂದೇ ವರದಿ ಮಾಡಬೇಕು. ಎಲ್ಲ ದಾಖಲೆಗಳೂ ಸರಿಯಿದ್ದು, ಅದೇ ದಿನ ಅದೇ ಕಂಪ್ಯೂಟರಿನಲ್ಲಿ ಬೇರೆಯವರ ಅರ್ಜಿ ಸ್ವೀಕೃತವಾಗಿ ನಮ್ಮದು ಮಾತ್ರ ಕಾರಣವಿಲ್ಲದೆ ಮರಳಿದರೆ, ಅದೂ ಮತ್ತೆ ಮತ್ತೆ ಮರಳಿದರೆ, ಆಗ ಆ ಎಲ್ಲ ದಾಖಲೆಗಳೊಂದಿಗೆ ಎತ್ತುವ ಪ್ರಶ್ನೆಗೆ ತೂಕವಿರುತ್ತದೆ.

ದೂರನ್ನು ಎಲ್ಲಿಗೆ ಕಳುಹಿಸಬೇಕೆಂಬುದೂ ಮುಖ್ಯ. ಗೂಗಲಿನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿ ಮೊದಲು ಸಿಕ್ಕಿದ ನಂಬರಿಗೆ ಕರೆ ಮಾಡಿ ಹಣ ಕಳೆದುಕೊಂಡವರ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ಆ್ಯಪ್ ಅಥವಾ ಪೋರ್ಟಲ್‌ನ ಒಳಗೇ ಇರುವ ಸಹಾಯದ ವಿಳಾಸವನ್ನೇ ಬಳಸಬೇಕು. ವಂಚನೆಗೆ ಒಳಗಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಕೇಂದ್ರ ಸರಕಾರದ ಇಲಾಖೆಗಳ ಕುರಿತ ದೂರಿಗೆ ಸಾರ್ವಜನಿಕ ಕುಂದುಕೊರತೆಗಳ ಕೇಂದ್ರೀಕೃತ ವ್ಯವಸ್ಥೆಯಿದೆ. ನಮ್ಮ ರಾಜ್ಯದ ಇಲಾಖೆಗಳಿಗಾದರೆ ಜನಸ್ಪಂದನದ 1902 ಇದೆ. ಇವೆರಡರಲ್ಲೂ ನೋಂದಣಿ ಸಂಖ್ಯೆ ಸಿಗುತ್ತದೆ. ಬೇರೆಡೆ ಕರೆ ಮಾಡಿದರೂ ದೂರಿನ ಸಂಖ್ಯೆಯನ್ನು ಕೇಳಿ ಪಡೆಯದೆ ಫೋನ್ ಇಡಬಾರದು. ಸಂಖ್ಯೆ ಕೊಡದಿದ್ದರೆ ಮಾತನಾಡಿದವರ ಹೆಸರನ್ನೂ ಸಮಯವನ್ನೂ ಬರೆದುಕೊಳ್ಳಬೇಕು. ಇಂತಹ ದೂರುಗಳು ಒಟ್ಟು ಎಷ್ಟು ಬಂದಿವೆ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳುವ ಅವಕಾಶವೂ ನಾಗರಿಕರಿಗಿದೆ. ನಿಮಗೊಬ್ಬರಿಗೆ ಮಾತ್ರ ಎಂಬ ಉತ್ತರಕ್ಕೆ ಅದೇ ತಕ್ಕ ಪ್ರಶ್ನೆ.

ಸೌಜನ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫೋನಿನ ಆ ತುದಿಯಲ್ಲಿರುವ ಹುಡುಗ ಅಥವಾ ಹುಡುಗಿ ಆ ಸಾಫ್ಟ್‌ವೇರನ್ನು ಬರೆದವರಲ್ಲ, ಕಾನೂನನ್ನು ಮಾಡಿದವರೂ ಅಲ್ಲ.

ಸಾಮಾನ್ಯ ಬಳಕೆದಾರನ ಮಾತಿಗೆ ಬೆಲೆ ಎಲ್ಲಿದೆ ಎಂದು ಕೇಳುವವರಿದ್ದಾರೆ. 2019ರ ಜನವರಿಯಲ್ಲಿ ಅಮೆರಿಕದ ಅರಿಝೋನಾದಲ್ಲಿ 14 ವರ್ಷದ ಬಾಲಕನೊಬ್ಬ ಆಟವಾಡಲು ಗೆಳೆಯರನ್ನು ಫೇಸ್‌ಟೈಮ್‌ನಲ್ಲಿ ಕರೆಯುತ್ತಿದ್ದಾಗ, ಗೆಳೆಯನು ಕರೆ ಸ್ವೀಕರಿಸುವ ಮೊದಲೇ ಅವನ ಕೋಣೆಯ ಮಾತುಗಳು ಕೇಳಿಸುತ್ತಿರುವುದನ್ನು ಗಮನಿಸಿದ. ಜಗತ್ತಿನ ಅತಿ ಶ್ರೀಮಂತ ಕಂಪೆನಿಗಳಲ್ಲೊಂದಾದ ಆ್ಯಪಲ್‌ನ ಸಾವಿರಾರು ಇಂಜಿನಿಯರುಗಳಿಗೆ ಕಾಣಿಸದ ದೋಷವದು. ಅವನ ತಾಯಿ ಇಮೇಲ್, ಫ್ಯಾಕ್ಸ್, ಟ್ವಿಟರ್ ಹೀಗೆ ಎಲ್ಲ ದಾರಿಗಳಲ್ಲೂ ಒಂದು ವಾರಕ್ಕೂ ಹೆಚ್ಚು ಕಾಲ ಪ್ರಯತ್ನಿಸಿದರು. ದೋಷವನ್ನು ಮಾಡಿ ತೋರಿಸುವ ವೀಡಿಯೋವನ್ನೂ ಸಿದ್ಧಪಡಿಸಿದರು. ಯಾರೂ ಕಿವಿಗೊಡಲಿಲ್ಲ. ತಿಂಗಳ ಕೊನೆಗೆ ವಿಷಯವು ಬಹಿರಂಗವಾದಾಗ ಕಂಪೆನಿಯು ಆ ಸೌಲಭ್ಯವನ್ನೇ ಸ್ಥಗಿತಗೊಳಿಸಿತು. ಫೆಬ್ರವರಿ 7ರಂದು ದೋಷವನ್ನು ಸರಿಪಡಿಸಿ, ಬಾಲಕನಿಗೆ ಮನ್ನಣೆಯನ್ನೂ ವಿದ್ಯಾಭ್ಯಾಸಕ್ಕೆ ನೆರವನ್ನೂ ನೀಡಿತು. ಆ ತಾಯಿಯ ಬಳಿ ತಾನು ಎಂದು, ಯಾರಿಗೆ, ಏನು ಬರೆದೆ ಎಂಬುದೆಲ್ಲವೂ ಇತ್ತು. ಮಕ್ಕಳು ‘ಉಮ್ಮಾ, ಇದರಲ್ಲೇನೋ ತಪ್ಪಿದೆ’ ಎಂದಾಗ ಮೊಬೈಲ್ ಕಿತ್ತು ಬದಿಗಿಡುವ ಬದಲು, ಏನು ಮಾಡಿದಾಗ ಹಾಗಾಯಿತು, ಇನ್ನೊಮ್ಮೆ ಮಾಡಿ ತೋರಿಸು ಎಂದು ಕೇಳುವ ತಾಯಂದಿರು ನಮ್ಮಲ್ಲೂ ಇರಬೇಕು.

ಮಸೀದಿ ಸಮಿತಿಗಳಿಗೆ ನಮ್ಮದೊಂದು ಸಲಹೆ. ಚಂದಾ ಪುಸ್ತಕವಿರುವಂತೆಯೇ ಒಂದು ನೂರು ಪುಟಗಳ ನೋಟ್ ಪುಸ್ತಕವನ್ನು ಕಂಪ್ಯೂಟರಿನ ಪಕ್ಕದಲ್ಲಿ ಇಡಲಿ. ಉಮೀದ್ ಪೋರ್ಟಲ್‌ನಲ್ಲಿ ಒಬ್ಬರು ವಿವರ ತುಂಬುವುದು, ಇನ್ನೊಬ್ಬರು ಪರಿಶೀಲಿಸುವುದು, ಮತ್ತೊಬ್ಬರು ಅನುಮೋದಿಸುವುದು ಎಂಬ ಮೂರು ಹಂತಗಳಿವೆ. ಯಾವ ಆಸ್ತಿ ಯಾವ ಹಂತದಲ್ಲಿ ಎಂದು ನಿಂತಿತು, ಪರದೆಯ ಮೇಲೆ ಏನು ಬಂತು, ಯಾರಿಗೆ ತಿಳಿಸಲಾಯಿತು, ದೂರಿನ ಸಂಖ್ಯೆಯೇನು, ಉತ್ತರ ಬಂದದ್ದೆಂದು - ಇಷ್ಟನ್ನು ಅದರಲ್ಲಿ ಬರೆದು, ಕುಳಿತವರು ಸಹಿ ಹಾಕಲಿ. ಪಟ್ಟಣದ ಕಾಲೇಜುಗಳಲ್ಲಿ ಓದುತ್ತಿರುವ ಇಬ್ಬರು ಯುವಕರಿಗೆ, ಸಾಧ್ಯವಿರುವಲ್ಲಿ ಇಬ್ಬರು ಯುವತಿಯರಿಗೆ, ಈ ಹೊಣೆಯನ್ನು ವಹಿಸಿದರೆ ವಿದ್ಯಾರ್ಥಿವೇತನ, ಪಡಿತರ, ಪಿಂಚಣಿ ಎಂದು ಅಲೆಯುವ ಮುಹಲ್ಲಾದ ಹಿರಿಯರಿಗೂ ಅದೇ ಪುಸ್ತಕದಿಂದ ಪ್ರಯೋಜನವಾಗುತ್ತದೆ. ಅಕ್ಕಪಕ್ಕದ ನಾಲ್ಕು ಮಸೀದಿಗಳ ಪುಸ್ತಕಗಳಲ್ಲಿ ಒಂದೇ ದಿನಾಂಕದಂದು ಒಂದೇ ದೋಷವು ಬರೆಯಲ್ಪಟ್ಟಿದ್ದರೆ ನ್ಯಾಯಮಂಡಳಿಯ ಮುಂದೆ ವಕೀಲರು ಅವನ್ನು ಮೇಜಿನ ಮೇಲಿಡಬಹುದು. ದೋಷವು ಸರಿಯಾದ ದಿನ ಅದನ್ನೂ ಬರೆದು, ಸರಿಪಡಿಸಿದವರಿಗೆ ಎರಡು ಸಾಲಿನ ಕೃತಜ್ಞತೆಯನ್ನು ಕಳುಹಿಸಿ, ಆ ಸಾಲಿನ ಕೆಳಗೆ ಒಂದು ಗೆರೆ ಎಳೆಯಲಿ.